ಮೂರು ಭಾಷೆಯಲ್ಲಿ ಬಂದ ಸುದ್ದಿ

ಅವತ್ತು ಭಾನುವಾರ. ನನ್ನ ಗಂಡ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಅಲಸಂದೆಕಾಯಿ ಸುಲಿಯುತ್ತಿದ್ದರು. ಒಂದಿಷ್ಟು ಕಾಯಿ ಸುಲಿಯುವುದು, ಒಂದು ಸಲ ಫೋನು ನೋಡುವುದು. ಬೀಜದ ಪಾತ್ರೆಗೆ ಸಿಪ್ಪೆ ಬಿದ್ದಿದ್ದನ್ನು ಕಂಡು ನಾನು ಬೈದೆ.

"ಬೀಜ ಯಾವ್ದು, ಸಿಪ್ಪೆ ಯಾವ್ದು ಗೊತ್ತಾಗಲ್ಲ, ಊರ್ನೋರಿಗೆಲ್ಲ ನಿಜ ಯಾವ್ದು, ಸುಳ್ಳು ಯಾವ್ದು ಅಂತ ಏಳಾಕೋಗ್ತೀರ."

"ಲೇ, ಸಾರಿಗೆ ಸಿಪ್ಪೆನೂ ಆಕು. ಯಾರ್ ಬಂದು ಇನ್‌ಸ್ಪೆಕ್ಷನ್ ಮಾಡ್ತಾರೆ," ಎಂದು ಅವರು ನಕ್ಕರು.

ನಾವು ಕೆಜಿಎಫ್‌ನ ಊರಿಗಾಂನಲ್ಲಿ, ಚಿನ್ನದ ಗಣಿ ಕಂಪನಿ ಕಟ್ಟಿಸಿದ್ದ ಹಳೆಯ ಮನೆಯೊಂದರಲ್ಲಿ ಬಾಡಿಗೆಗೆ ಇದ್ದೆವು. ಅವರು ತುಮಕೂರಿನ ಕಡೆಯವರು, ಕಾರ್ಖಾನೆ ಕೆಲಸಕ್ಕೆಂದು ಕೆಜಿಎಫ್‌ಗೆ ಬಂದವರು. ನನ್ನ ತವರು ಆಂಧ್ರದ ಗಡಿಯ ಕಡೆ, ಕಾಮಸಮುದ್ರದ ಹತ್ತಿರದ ಹಳ್ಳಿ. ಕಾರ್ಖಾನೆಯಲ್ಲಿ ಅವರದು ಯಂತ್ರದ ಬಿಡಿಭಾಗಗಳನ್ನು ಅಳತೆ ಮಾಡಿ ನೋಡುವ ಕೆಲಸ. ಸರಿಯಿದ್ದರೆ ಅದರ ಮೇಲೆ ತಮ್ಮ ನಂಬರಿನ ಉಕ್ಕಿನ ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಬೇಕು. ಮುಂದೆ ಎಲ್ಲಿಯಾದರೂ ಅದು ಮುರಿದರೆ, ಇದನ್ನು ಪಾಸು ಮಾಡಿದವರು ಯಾರು ಎಂದು ಆ ನಂಬರು ಹೇಳುತ್ತದೆ. ನಂಬರಿಲ್ಲದ ಮಾಲನ್ನು ಅವರು ಕೈಯಲ್ಲಿ ಮುಟ್ಟುತ್ತಿರಲಿಲ್ಲ. "ಅಪ್ಪ ಇಲ್ದಿರೋ ಮಾಲು," ಎಂದು ಪಕ್ಕಕ್ಕೆ ತಳ್ಳುತ್ತಿದ್ದರಂತೆ.

ಅದೇ ಮನುಷ್ಯ ಫೋನಿಗೆ ಬರುವ ಸುದ್ದಿಗಳನ್ನು ಪಾಸು ಮಾಡುತ್ತಿದ್ದುದು ಬೇರೆ ರೀತಿಯಲ್ಲಿ. ಕನ್ನಡ, ತಮಿಳು, ತೆಲುಗು ಮೂರನ್ನೂ ಅವರು ಓದುತ್ತಿದ್ದರು. ಆ ಬಗ್ಗೆ ಹೆಮ್ಮೆ ಇತ್ತು. ಒಂದು ಸುದ್ದಿ ಒಂದೇ ಭಾಷೆಯಲ್ಲಿ ಬಂದರೆ ನಂಬುತ್ತಿರಲಿಲ್ಲ. ಮೂರರಲ್ಲೂ ಬಂದರೆ ಮಾತ್ರ ನಿಜ.

ಇದನ್ನು ಅವರಿಗೆ ಹೇಳಿಕೊಟ್ಟವರು ಪಕ್ಕದ ಮನೆಯವಳ ಮಾವ. ಇಲ್ಲಿನ ಮೈಸೂರು ಮೈನ್ಸ್ ಎಂಬ ಗಣಿ ನಡೆಯುತ್ತಿದ್ದಾಗ ಕೆಳಗಿಳಿದು ದುಡಿದವರು. ಕೆಳಗೆ ಏನಾದರೂ ಅನಾಹುತವಾದರೆ ಹೆಂಗಸರು ಗಣಿಯ ಬಾಯಿಯ ಹತ್ತಿರ ಓಡಿ ಬಂದು ನಿಲ್ಲುತ್ತಿದ್ದರಂತೆ. ಮೊದಲು ಮೇಲೆ ಬಂದವನ ಮಾತು ಕೇಳಿ ಯಾರೂ ಎದೆ ಬಡಿದುಕೊಳ್ಳುತ್ತಿರಲಿಲ್ಲ. ತಮಿಳರ ಗುಂಪು ಬಂದು ಹೇಳಬೇಕು, ತೆಲುಗರ ಗುಂಪು ಬಂದು ಹೇಳಬೇಕು, ಕನ್ನಡದವರು ಬಂದು ಹೇಳಬೇಕು. ಮೂವರೂ ಒಂದೇ ಹೆಸರು ಹೇಳಿದ ಮೇಲೆಯೇ ಆ ಮನೆಗೆ ಸುದ್ದಿ ಹೋಗುತ್ತಿತ್ತು. ಅವರು ಬೇರೆ ಬೇರೆ ಕಡೆ ಕೆಲಸ ಮಾಡುತ್ತಿದ್ದವರು, ಬೇರೆ ಬೇರೆಯಾಗಿ ಮೇಲೆ ಬಂದವರು, ಬೇರೆ ಬೇರೆಯಾಗಿ ಕಣ್ಣಲ್ಲಿ ನೋಡಿದವರು. ಈ ಕೊನೆಯ ಮಾತನ್ನೂ ಮುದುಕರು ಹೇಳಿದ್ದರು. ನನ್ನ ಗಂಡ ಮೂರು ಭಾಷೆ ಎಂಬುದನ್ನು ಮಾತ್ರ ಇಟ್ಟುಕೊಂಡರು.

ಎಷ್ಟೋ ಸಲ ಅದು ಸರಿಯಾಗಿಯೂ ಆಯಿತು. ಗಣಿ ಮತ್ತೆ ತೆರೆಯುತ್ತಾರೆ, ಹಳೆ ಕಾರ್ಮಿಕರ ಮಕ್ಕಳಿಗೆಲ್ಲ ಕೆಲಸ ಎಂದು ಒಂದು ಸುದ್ದಿ ತಮಿಳಿನಲ್ಲಿ ಮಾತ್ರ ಬಂತು. ಸುಳ್ಳು ಎಂದರು, ಸುಳ್ಳೇ ಆಯಿತು. ಉಪ್ಪು ಸಿಗುವುದಿಲ್ಲ ಎಂದು ತೆಲುಗಿನಲ್ಲಿ ಬಂದಾಗ ನನ್ನ ತಮ್ಮ ಮೂಟೆಗಟ್ಟಲೆ ಉಪ್ಪು ತಂದಿಟ್ಟ. ಅವನನ್ನು ಇವರು ವರ್ಷವಿಡೀ ಆಡಿಕೊಂಡರು. ಆಮೇಲೆ ನಮ್ಮ ಗಣಿ ಮನೆಗಳ ಲೈನಿನವರು, ಕಾರ್ಖಾನೆಯವರು, ನನ್ನ ತವರಿನವರು, ಎಲ್ಲರೂ ಇವರನ್ನೇ ಕೇಳತೊಡಗಿದರು. "ಅಣ್ಣಾ, ಇದು ನಿಜಾನಾ?"

ಆ ಭಾನುವಾರವೂ ಹಾಗೆ ಕೇಳಿದ್ದು ಪಕ್ಕದ ಮನೆಯವಳೇ. ಕೈಯಲ್ಲಿ ಫೋನು ಹಿಡಿದು ಬೇಲಿಯ ಹತ್ತಿರ ಬಂದು, "ಅಣ್ಣಾ, ಪಾಂಬು ಕಡಿದ್ರೆ ಇಲ್ಲಿ ಮರುಂದು ಇಲ್ಲಂತೆ, ನಿಜಮಾ?" ಎಂದಳು. ಅವಳಿಗೆ ಬಂದಿದ್ದು ತಮಿಳಿನಲ್ಲಿ. ಕೆಜಿಎಫ್‌ನಲ್ಲೂ ಬಂಗಾರಪೇಟೆಯಲ್ಲೂ ಹಾವಿನ ವಿಷಕ್ಕೆ ಕೊಡುವ ಔಷಧಿ ಖಾಲಿಯಾಗಿದೆ, ಇಲ್ಲಿನ ಆಸ್ಪತ್ರೆಗೆ ಹೋಗಿ ಸಮಯ ಕಳೆಯಬೇಡಿ, ನೇರ ಕೋಲಾರಕ್ಕೆ ಹೋಗಿ, ಎಲ್ಲರಿಗೂ ತಿಳಿಸಿ ಎಂದಿತ್ತು. ಇವರ ಫೋನಿಗೆ ಅದು ಕಾರ್ಖಾನೆಯ ಸ್ನೇಹಿತನೊಬ್ಬನಿಂದ ಕನ್ನಡದಲ್ಲಿ ಆಗಲೇ ಬಂದಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ತಮ್ಮ ತೆಲುಗಿನಲ್ಲಿ ಕಳಿಸಿದ.

ಅವರು ಕೈ ತೊಳೆದು ಬಂದು, ಕೇಳಿದವರಿಗೆಲ್ಲ ಒಂದೇ ಉತ್ತರ ಕಳಿಸಿದರು. ನಿಜ.

ಸಂಜೆ, ಚಿನ್ನ ತೆಗೆದು ಸುರಿದ ಗಣಿ ಮಣ್ಣಿನ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದು ಬೂದಿಯಂಥ ಧೂಳು ಅಂಗಳಕ್ಕೆಲ್ಲ ಬಂತು. ಒಣಗಿದ ಬಟ್ಟೆಯನ್ನು ಇಬ್ಬರೂ ಓಡಿ ಎತ್ತಿಕೊಂಡೆವು. ಆ ದಿನದ ಬಗ್ಗೆ ಇನ್ನೇನೂ ಇಲ್ಲ. ಸಾರು ಚೆನ್ನಾಗಿತ್ತು.

ಸೋಮವಾರ ಬೆಳಿಗ್ಗೆ ನೀರಿನ ವಾಲ್ವ್ ತಿರುಗಿಸಲು ಮನೆಯ ಹಿಂದೆ ಹೋದವರು ಕುಂಟುತ್ತ ಒಳಗೆ ಬಂದರು. "ಇಟ್ಟಿಗೆ ರಾಶಿ ತಾವ ಏನೋ ಚುಚ್ಚಿದಂಗಾಯ್ತು ಕಣೆ. ಪಟ್ಟೆ ಪಟ್ಟೆ ಇತ್ತು." ಗಾಬರಿಯೇನೂ ಇರಲಿಲ್ಲ. ಪಾದದ ಪಕ್ಕದಲ್ಲಿ ಸೂಜಿ ತಾಗಿದಷ್ಟು ಗುರುತು. ಪಕ್ಕದ ಮನೆಯವಳ ಗಂಡನದು ಆಟೋ. ಅವನು ಬನಿಯನ್ನಿನಲ್ಲೇ ಬಂದು ಆಟೋ ಹೊರಡಿಸಿದ.

ನಮ್ಮ ಊರಿನ ಆಸ್ಪತ್ರೆ ದಾರಿಯಲ್ಲೇ ಸಿಗುತ್ತದೆ. ಗೇಟಿನ ಮುಂದೆ ಅವನು ಆಟೋ ನಿಧಾನ ಮಾಡಿ ತಿರುಗಿ ನೋಡಿದ.

"ಬ್ಯಾಡ, ನಡಿ ನಡಿ," ಎಂದರು ಇವರು.

"ಒಂದ್ಸಲ ಕೇಳ್ಬಿಟ್ಟು ಓಗೋಣ," ಎಂದೆ ನಾನು.

"ಕೇಳಕ್ ನಿಂತ್ರೆ ಅದೇ ಟೈಮ್ ಓಗುತ್ತೆ. ಮೂರ್ರಲ್ಲೂ ಬಂದೈತೆ ಕಣೆ. ನಾನೇ ನೋಡಿದೀನಲ್ಲ."

ಆಟೋದವನು ನನ್ನ ಮುಖ ನೋಡಿದ. ಕಾಲು ಇವರದು, ಮಾತು ಇವರದು. ಅವನು ಆಟೋ ಮುಂದೆ ಬಿಟ್ಟ.

ಬಂಗಾರಪೇಟೆ ಬರುವ ಹೊತ್ತಿಗೆ ಅವರ ಕಣ್ಣಿನ ರೆಪ್ಪೆಗಳು ಇಳಿಯತೊಡಗಿದವು. ನಿದ್ದೆ ಬರುತ್ತಿದೆಯಾ ಎಂದು ಕೇಳಿದೆ. ಅಲ್ಲ ಎಂದು ತಲೆಯಾಡಿಸಿದರು. ಅಲ್ಲಿನ ಆಸ್ಪತ್ರೆಯನ್ನೂ ದಾಟಿದೆವು. ಅದರ ಹೆಸರೂ ಸುದ್ದಿಯಲ್ಲಿತ್ತಲ್ಲ. ಊರು ದಾಟಿದ ಮೇಲೆ ಏನೋ ಹೇಳಲು ನೋಡಿದರು. ನಾಲಿಗೆ ದಪ್ಪವಾಗಿ ಮಾತು ಬಾಯಲ್ಲೇ ಮುದ್ದೆಯಾಯಿತು. ಮೂರು ಭಾಷೆ ಬಲ್ಲವರ ಬಾಯಿಂದ ಒಂದು ಭಾಷೆಯದೂ ಬರಲಿಲ್ಲ. ಕೋಲಾರ ತಲುಪಿದಾಗ ಅಲ್ಲಿಯ ವೈದ್ಯರು ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಸ್ವಲ್ಪ ಮುಂಚೆ ಬರಬೇಕಿತ್ತು ಎಂದರು.

ಮಣ್ಣು ಮಾಡಿದ ದಿನ ಕಾರ್ಖಾನೆಯವರು ಬಹಳ ಮಂದಿ ಬಂದಿದ್ದರು. ಚಪ್ಪರದಡಿ ಕೂತ ಗಂಡಸರ ಮಾತು ಒಳಗೆ ಕೇಳುತ್ತಿತ್ತು.

"ನೋಡಪ್ಪ, ಭಾನುವಾರ ತಾನೇ ಏಳಿದ್ದ, ಔಸ್ದಿ ಇಲ್ಲ ಅಂತ. ಅದರಂಗೇ ಆಗೋಯ್ತು."

"ಅವನ ಬಾಯಲ್ಲಿ ಸುಳ್ಳು ಬರಲ್ಲ ಬಿಡು."

"ಸತ್ತು ತೋರ್ಸ್‌ಬುಟ್ಟ ಕಣ್ಲಾ."

ಆ ಕೊನೆಯ ಮಾತಿಗೆ ಯಾರೋ ಸಣ್ಣಗೆ ನಕ್ಕರು. ನಕ್ಕಿದ್ದು ಕೆಟ್ಟ ಮನಸ್ಸಿನಿಂದ ಅಲ್ಲ. ಮೆಚ್ಚಿಕೊಂಡು ನಕ್ಕಿದ್ದು.

ಕಾರ್ಯ ಮುಗಿಯುವುದರೊಳಗೆ ಅವರ ಫೋಟೋ ಫೋನುಗಳಲ್ಲಿ ಓಡಾಡತೊಡಗಿತು. ಕಾರ್ಖಾನೆಯ ಗುರುತಿನ ಚೀಟಿಯ ಫೋಟೋ, ಕನ್ನಡಕ ಸ್ವಲ್ಪ ವಾಲಿತ್ತು. ಅದೇ ಹಳೆಯ ಸುದ್ದಿ, ಕೆಳಗೆ ಹೊಸದೊಂದು ಸಾಲು: ಔಷಧಿ ಇಲ್ಲದೆ ಕಾರ್ಮಿಕ ಸಾವು. ಪಕ್ಕದಲ್ಲಿ ಹಸಿರು ಬಣ್ಣದ ಸರಿ ಗುರುತು, 'ಪರಿಶೀಲಿಸಲಾಗಿದೆ' ಎಂಬ ಮುದ್ರೆ. ಮೂಲ: ಮೃತರ ಆಪ್ತವಲಯ. ಅದು ನನ್ನ ಫೋನಿಗೂ ಬಂತು. ತವರಿನ ದೂರದ ಸಂಬಂಧದ ಹೆಂಗಸೊಬ್ಬಳು ಯಾರಿಗೆ ಕಳಿಸುತ್ತಿದ್ದೇನೆ ಎಂದು ನೋಡದೆ ಕಳಿಸಿದ್ದಳು. ಕೆಳಗೆ 'ಎಚ್ಚರವಾಗಿರಿ, ಹತ್ತು ಜನಕ್ಕೆ ತಿಳಿಸಿ' ಎಂದು ಸೇರಿಸಿದ್ದಳು.

ಆಪ್ತವಲಯ ಎಂದರೆ ನಾನಲ್ಲವೇ. ನನ್ನನ್ನು ಯಾರೂ ಕೇಳಿರಲಿಲ್ಲ.

ಕೆಲವು ದಿನ ಕಳೆದು ನಾನೇ ಊರಿನ ಆಸ್ಪತ್ರೆಗೆ ಹೋದೆ. ಜಗಳಕ್ಕೆಂದು ಹೋಗಲಿಲ್ಲ. ಔಷಧಿ ಎಂದಿನಿಂದ ಇರಲಿಲ್ಲ, ಏಕೆ ಇರಲಿಲ್ಲ ಎಂದು ಕೇಳಬೇಕೆನಿಸಿತು. ನಡುವಯಸ್ಸಿನ ನರ್ಸ್ ಒಬ್ಬರಿದ್ದರು. ನನ್ನ ಮಾತು ಮುಗಿದ ಮೇಲೆ ಫ್ರಿಡ್ಜಿನ ಬಾಗಿಲು ತೆಗೆದು ನಿಂತರು. ಸಣ್ಣ ಸೀಸೆಗಳು ಪೆಟ್ಟಿಗೆಯಲ್ಲಿ ಸಾಲಾಗಿದ್ದವು.

"ಯಾರಮ್ಮ ಇಲ್ಲ ಅಂದಿದ್ದು?"

"ಫೋನಲ್ಲಿ ಬಂದಿತ್ತು."

"ಫೋನಲ್ಲಿ ಬಂದಿತ್ತು ಅಂದ್ರೆ? ಯಾರು?"

ಇವು ಆಮೇಲೆ ತರಿಸಿದ್ದಾ ಎಂದು ಕೇಳಿದೆ.

"ಮೊದಲಿಂದ ಇದ್ದದ್ದೇ. ಆ ಸೋಮವಾರ ಬೆಳಿಗ್ಗೆ ಡ್ಯೂಟಿ ನಂದೇ. ಒಬ್ಬರೂ ಬರ್ಲಿಲ್ಲ. ಇಲ್ಲೇ ಕೂತು ಕಾಫಿ ಕುಡೀತಿದ್ದೆ." ಹೇಳಿಬಿಟ್ಟ ಮೇಲೆ ಅವರಿಗೇ ಕಸಿವಿಸಿಯಾಗಿರಬೇಕು. ಫ್ರಿಡ್ಜಿನ ಬಾಗಿಲು ಮುಚ್ಚಿ, "ಒಳಗೆ ಬಂದು ಕೇಳಿದ್ರೆ ಸಾಕಾಗಿತ್ತಮ್ಮ," ಎಂದರು.

ಮನೆಗೆ ಬಂದು ಪಕ್ಕದ ಮನೆಯವಳನ್ನು ಕೇಳಿದೆ, ನಿನಗೆ ಅದನ್ನು ಕಳಿಸಿದ್ದು ಯಾರು ಎಂದು. ಬಂಗಾರಪೇಟೆಯಲ್ಲಿರುವ ಅವಳ ತಂಗಿ. ತಂಗಿಗೆ ಸ್ಟೇಷನ್ ರಸ್ತೆಯ ಫೋನ್ ರಿಪೇರಿ ಅಂಗಡಿಯವನಿಂದ. ಕಾರ್ಖಾನೆಯ ಸ್ನೇಹಿತ ನನ್ನ ಗಂಡನ ಊಟದ ಡಬ್ಬಿ, ಸ್ಟೀಲ್ ಸ್ಕೇಲು ತಂದುಕೊಡಲು ಬಂದಾಗ ಅವನನ್ನೂ ಕೇಳಿದೆ. ಪಂಚ್ ಅನ್ನು ಕಾರ್ಖಾನೆಯವರು ವಾಪಸು ತೆಗೆದುಕೊಂಡಿದ್ದರು. ಅವನಿಗೂ ಬಂದದ್ದು ಅದೇ ಅಂಗಡಿಯವನಿಂದ. ತಮ್ಮನಿಗೆ ಫೋನು ಮಾಡಿದೆ. "ಬಂಗಾರ್‌ಪೇಟೆ ರಿಪೇರಿ ಅಂಗ್ಡಿಯೋನು ಆಕಿದ್ನಕ್ಕ. ಒಳ್ಳೇ ತೆಲುಗು ಬರೀತಾನೆ. ಯಾಕೆ?"

ನಾನೇ ಆ ಅಂಗಡಿಗೆ ಹೋದೆ. ಚಿಕ್ಕದು. ಗಾಜಿನ ಕೆಳಗೆ ಬಿಚ್ಚಿಟ್ಟ ಫೋನುಗಳು. ಅವನಿಗೆ ಮೂವತ್ತರ ಆಸುಪಾಸು, ಹಣೆಯಲ್ಲಿ ಕುಂಕುಮ, ಮೆತ್ತಗಿನ ಮಾತು. ನಾನು ಯಾರ ಹೆಂಡತಿ ಎಂದು ಹೇಳಿದ ಕೂಡಲೇ ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟ.

"ಮೂರೂ ನಾನೇ ಮಾಡಿದ್ದು ಮೇಡಂ. ಕನ್ನಡ, ತಮಿಳು, ತೆಲುಗು. ನಮ್ ಕಡೆ ಮೂರರಲ್ಲೂ ಆಕಿದ್ರೇನೆ ಜನ ತಗೋಳೋದು. ತಮಿಳು ಸರಿ ಇತ್ತಂತಾ? ಅದೊಂದು ನಂಗೆ ಸ್ವಲ್ಪ ವೀಕು."

ಸರಿ ಇತ್ತಂತೆ ಎಂದೆ.

"ನಿಮಗೆ ಯಾರು ಹೇಳಿದ್ದು?" ಎಂದು ಕೇಳಿದೆ.

"ಯಾವ್ದೋ ಗ್ರೂಪಲ್ಲಿ ಇಂಗ್ಲಿಷಲ್ಲಿ ಬಂದಿತ್ತು. ಯಾವೂರ್ದು ಅಂತ ಅದರಲ್ಲಿ ಇರ್ಲಿಲ್ಲ. ಜಿಲ್ಲಾ ಆಸ್ಪತ್ರೆಗೆ ಓಗಿ ಅಂತಿತ್ತು, ಅಷ್ಟೇ. ನಮ್ಮಲ್ಲಿ ಹಾವು ಜಾಸ್ತಿ ಅಲ್ವಾ, ಜನಕ್ಕೆ ಉಪಯೋಗ ಆಗ್ಲಿ ಅಂತ ನಾನೇ ನಮ್ ಊರುಗಳ ಹೆಸರು ಸೇರಿಸ್ದೆ."

ಹೊರಗೆ ರೈಲು ಬಂದ ಸದ್ದಿಗೆ ಅವನು ಮಾತು ನಿಲ್ಲಿಸಿ, ಅದು ನಿಂತ ಮೇಲೆ ಮುಂದುವರಿಸಿದ.

"ಆಗ ನಾನು ಆ ಹಸಿರು ಟಿಕ್ ಆಕಿರ್ಲಿಲ್ಲ ಮೇಡಂ. ಸುಮ್ಸುಮ್ನೆ ಟಿಕ್ ಆಕಲ್ಲ ನಾನು. ಆಮೇಲೆ ಮೂರು ಕಡೆಯಿಂದ ನಂಗೇ ವಾಪಸ್ ಬಂತು. ಅಷ್ಟು ಜನ ಏಳ್ತಾವ್ರೆ ಅಂದ್ರೆ ಏನೋ ಇರ್ಬೇಕಲ್ಲ. ಅಷ್ಟರಲ್ಲಿ ನಿಮ್ ಯಜಮಾನ್ರದು ಹಂಗಾಯ್ತು. ಆಮೇಲೇ ಟಿಕ್ ಆಕಿದ್ದು."

ಆಸ್ಪತ್ರೆಯಲ್ಲಿ ಔಷಧಿ ಇದೆ, ನಾನು ಕಣ್ಣಲ್ಲಿ ನೋಡಿ ಬಂದಿದ್ದೇನೆ, ಆ ದಿನವೂ ಇತ್ತು ಎಂದೆ. ಅವನು ಯೋಚಿಸಿದ. ಯೋಚಿಸಿದ್ದು ನನ್ನ ಪರವಾಗಿಯೇ.

"ಈಗ ಸುಳ್ಳು ಅಂತ ಆಕಿದ್ರೆ ನಿಮ್ ಯಜಮಾನ್ರ ಹೆಸರು ಕೆಡುತ್ತೆ ಮೇಡಂ. ಈಗ ಜನ ಅವರನ್ನ ದೇವರಂಗೆ ನೋಡ್ತಾವ್ರೆ. ಆಮೇಲೆ, ಸುಳ್ಳು ನಂಬಿ ಸತ್ತ ಅಂತಾರೆ. ಬೇಕಾ ನಿಮಗೆ? ಯೋಚ್ನೆ ಮಾಡಿ. ಟೀ ತರಿಸ್ಲಾ?"

ಟೀ ಬಂತು. ಕುಡಿದು ಎದ್ದು ಬಂದೆ.

ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ ಎಂದು ಕೆಲವು ದಿನ ಅನ್ನಿಸಿತು. ಔಷಧಿ ಇಲ್ಲದೆ ಸತ್ತವರ ಹೆಂಡತಿಗೆ ಜನ ದಾರಿ ಬಿಡುತ್ತಿದ್ದರು, ತರಕಾರಿಯವಳು ಒಳ್ಳೆಯದನ್ನೇ ಆರಿಸಿ ಹಾಕುತ್ತಿದ್ದಳು. ಸುಮ್ಮನಿದ್ದುಬಿಡಬಹುದಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ತಮ್ಮ ಫೋನು ಮಾಡಿದ. ಅವನ ಹೆಂಡತಿ ಹಸುವಿಗೆ ಹುಲ್ಲು ಕೊಯ್ಯುವಾಗ ಕೈಗೆ ಹಾವು ಕಚ್ಚಿತ್ತು.

"ಅಕ್ಕಾ, ಆಂಧ್ರದ ಕಡೆ ಕರ್ಕೊಂಡೋಗ್ತಾ ಇದೀವಿ. ಗಾಡಿ ಸಿಕ್ಕೈತೆ."

"ಬ್ಯಾಡ ಕಣೋ! ಕೆಜಿಎಫ್‌ಗೆ ಬಾ. ಇಲ್ಲೇ ಐತೆ, ನಾನ್ ನೋಡಿದೀನಿ."

"ಏನಕ್ಕ ನೀನು? ನಿನ್ ಮನೇಲೇ ಆಗೈತಲ್ಲ? ಬಾವನೇ ಏಳಿದ್ದಲ್ಲ ಇಲ್ಲ ಅಂತ?"

"ಬಾವಂಗೆ ಗೊತ್ತಿರ್ಲಿಲ್ಲ ಕಣೋ!"

"ಬಾವಂಗೆ ಗೊತ್ತಿರ್ಲಿಲ್ಲ, ನಿಂಗೆ ಗೊತ್ತೈತಾ? ಇಡು, ಇಡು ಫೋನು."

ಅವತ್ತು ಮಧ್ಯಾಹ್ನದವರೆಗೆ ನಾನು ಕಟ್ಟೆಯ ಮೇಲೆ ಕೂತಿದ್ದೆ. ಅವಳು ಬದುಕಿದಳು. ಕಚ್ಚಿದ ಹಾವು ವಿಷದ್ದಲ್ಲ ಎಂದು ಅಲ್ಲಿಯ ವೈದ್ಯರು ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರಂತೆ. ನನ್ನ ತಮ್ಮ ಊರೆಲ್ಲ ಹೇಳಿಕೊಂಡು ಬಂದ: ಅಕ್ಕನ ಮಾತು ಕೇಳಿ ಕೆಜಿಎಫ್‌ಗೆ ಹೋಗಿದ್ದರೆ ಇವಳನ್ನೂ ಮಣ್ಣು ಮಾಡಬೇಕಾಗಿತ್ತು, ಬಾವನ ಮಾತು ನಮ್ಮನ್ನು ಉಳಿಸಿತು. ಆ ಮಾತನ್ನೂ ಯಾರೋ ಬರೆದು ಕಳಿಸಿದರು. ಸತ್ತದ್ದರಿಂದ ನಿಜವಾದ ಸುದ್ದಿ ಈಗ ಬದುಕಿದ್ದರಿಂದಲೂ ನಿಜವಾಯಿತು.

ನಾನು ಹತ್ತನೇ ಕ್ಲಾಸು ಓದಿದವಳು. ಬರೆಯುವುದು ರೂಢಿಯಿಲ್ಲ. ಆದರೂ ಕೂತು ಬರೆದೆ. ನಾನು ಇಂಥವರ ಹೆಂಡತಿ, ಊರಿಗಾಂನ ಇಂಥ ಮನೆ. ನಮ್ಮ ಊರಿನ ಆಸ್ಪತ್ರೆಯ ಫ್ರಿಡ್ಜಿನಲ್ಲಿ ಹಾವಿನ ಔಷಧಿ ಇರುವುದನ್ನು ನಾನೇ ನೋಡಿದೆ. ನನ್ನ ಗಂಡ ಹೋದ ದಿನವೂ ಇತ್ತೆಂದು ಅಲ್ಲಿಯ ನರ್ಸ್ ನನಗೆ ಹೇಳಿದರು, ಅದನ್ನು ನಾನು ನೋಡಿಲ್ಲ, ಅವರ ಮಾತು. ಬಂಗಾರಪೇಟೆ ಆಸ್ಪತ್ರೆಯದು ನನಗೆ ಗೊತ್ತಿಲ್ಲ, ಅದರೊಳಗೆ ನಾನು ಹೋಗಿಲ್ಲ. ಅನುಮಾನವಿದ್ದವರು ಮನೆಗೆ ಬಂದು ನನ್ನನ್ನು ಕೇಳಬಹುದು. ಹೆಸರು, ಮನೆ ನಂಬರು, ಫೋನ್ ನಂಬರು ಎಲ್ಲ ಹಾಕಿದೆ. ಅವರ ಫೋನು ತೆಗೆದುಕೊಂಡು, 'ನಿಜ' ಎಂದು ಅವರು ಉತ್ತರ ಕಳಿಸಿದ್ದವರಿಗೆಲ್ಲ ಕಳಿಸಿದೆ.

ಕೈಮುಗಿದ ಚಿತ್ರಗಳು ಬಂದವು. ಹೂವು ಬಂದವು. 'ಧೈರ್ಯವಾಗಿರಿ ಅಕ್ಕ' ಎಂದು ಬಂತು. ಸತ್ತವರ ನಂಬರಿನಿಂದ ಮೆಸೇಜು ಬಂದಿದ್ದಕ್ಕೆ ಒಬ್ಬಳು ಹೆದರಿಕೊಂಡಳಂತೆ. ಬರೆದದ್ದನ್ನು ಓದಿದ ಗುರುತು ಯಾರಲ್ಲೂ ಕಾಣಲಿಲ್ಲ. ಪಕ್ಕದ ಮನೆಯವಳು ಬೇಲಿಯ ಹತ್ತಿರ ಬಂದು, "ಅಕ್ಕಾ, ನಂಗೆ ಕನ್ನಡ ಓದಕ್ ಬರಲ್ಲ. ತಮಿಳ್‌ಲ ಬಂದ್ರೆ ನಾಲ್ಕು ಜನಕ್ಕೆ ಕಳಿಸ್ತೀನಿ," ಎಂದಳು.

ನನಗೆ ತಮಿಳು ಮಾತಾಡಲು ಬರುತ್ತದೆ, ಬರೆಯಲು ಬಾರದು. ತೆಲುಗೂ ಅಷ್ಟೇ. ಮೂರನ್ನೂ ಬರೆಯಬಲ್ಲವನು ನನಗೆ ಗೊತ್ತಿದ್ದದ್ದು ಒಬ್ಬನೇ.

ರಿಪೇರಿ ಅಂಗಡಿಯವನು ಈ ಸಲ ಹಿಂದೆಮುಂದೆ ನೋಡಲಿಲ್ಲ. ನಾನು ಬರೆದದ್ದನ್ನು ಓದಿ, "ಮಾಡಿ ಆಕ್ತೀನಿ ಮೇಡಂ, ಪಾಪ," ಎಂದ. ಒಂದೂ ಮಾತು ಬಿಡಬೇಡ, ಹೆಸರೂ ಇರಲಿ ಎಂದು ಹೇಳಿ ಬಂದೆ. ಸಂಜೆಯ ಹೊತ್ತಿಗೆ ಮೂರು ಭಾಷೆಯಲ್ಲೂ ಬಂತು. 'ಕೆಜಿಎಫ್, ಬಂಗಾರಪೇಟೆ ಆಸ್ಪತ್ರೆಗಳಲ್ಲಿ ಹಾವಿನ ಔಷಧಿ ಇದೆ. ಗಾಬರಿ ಬೇಡ. ಎಲ್ಲರಿಗೂ ತಿಳಿಸಿ.' ಅಷ್ಟೇ. ಹಸಿರು ಗುರುತು ಇತ್ತು. ನಾನು ನೋಡದ ಬಂಗಾರಪೇಟೆ ಆಸ್ಪತ್ರೆಯೂ ಅದರಲ್ಲಿತ್ತು. ನಾನು ಇರಲಿಲ್ಲ, ನರ್ಸ್ ಇರಲಿಲ್ಲ, ಮನೆ ನಂಬರು ಇರಲಿಲ್ಲ.

ಫೋನು ಮಾಡಿ ಕೇಳಿದೆ.

"ಉದ್ದ ಆಗುತ್ತೆ ಮೇಡಂ, ಜನ ಓದಲ್ಲ. ಹೆಂಗಸ್ರ ಹೆಸರು, ಫೋನ್ ನಂಬರು ಆಕಿದ್ರೆ ಕಂಡೋರೆಲ್ಲ ಫೋನ್ ಮಾಡ್ತಾರೆ. ನಿಮ್ ಒಳ್ಳೇದಕ್ಕೇ ತೆಗೆದೆ."

"ಬಂಗಾರಪೇಟೆ ಯಾಕೆ ಸೇರಿಸಿದ್ರಿ?"

"ಅಲ್ಲೂ ಇರುತ್ತೆ ಬಿಡಿ."

ಮಾರನೆಯ ದಿನ ನೀರು ಹಿಡಿಯುವಾಗ ಲೈನಿನ ಹೆಂಗಸೊಬ್ಬಳು ಬಿಂದಿಗೆ ಕೆಳಗಿಟ್ಟು, ತನ್ನ ಫೋನು ತೆಗೆದು ನನ್ನ ಮುಖದ ಮುಂದೆ ಹಿಡಿದಳು. "ಅಕ್ಕಾ, ಔಸ್ದಿ ಐತೆ ಅಂತ ಬಂದೈತೆ ನೋಡು. ಎಂಥಾ ಜನ ಅಲ್ವಾ? ನಿಮ್ ಮನೆಯೋರು ಸತ್ತ ಮೇಲೂ ಇಂಗೆ ಸುಳ್ಳು ಬರೀತಾವ್ರೆ."

ಅದನ್ನು ಬರೆಸಿದ್ದು ನಾನೇ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ನಲ್ಲಿಯ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ. ಬಿಂದಿಗೆ ತುಂಬಿತು, ಎತ್ತಿಕೊಂಡು ಹೋದಳು.

ನನ್ನ ಗಂಡ ಪಾಸು ಮಾಡಿದ ಬಿಡಿಭಾಗಗಳು ಎಲ್ಲೆಲ್ಲೋ ಯಂತ್ರಗಳೊಳಗೆ ಈಗಲೂ ತಿರುಗುತ್ತಿರಬೇಕು, ಒಂದೊಂದರ ಮೇಲೂ ಅವರ ನಂಬರು ಇರುತ್ತದೆ. ಇಲ್ಲಿ ಎರಡು ಸುದ್ದಿಗಳೂ ಮೂರು ಭಾಷೆಯಲ್ಲಿ ಇನ್ನೂ ಓಡಾಡುತ್ತಿವೆ. ಕೆಲವು ಸಲ ಒಂದೇ ದಿನ ಎರಡೂ ಬರುತ್ತವೆ. ಎರಡರಲ್ಲೂ ಹೇಳಿದವರ ಹೆಸರಿಲ್ಲ.